ರಾಯಚೂರಿನ 2019ರ ಹಿಮಾಲಯನ್ ತಗೊಳ್ಳಬಹುದಾ? ಮೊದಲು ಏರ್ ಫಿಲ್ಟರ್ ಬಿಚ್ಚಿಸಿ ನೋಡಿ

ನಿಮ್ಮ ಪ್ರಶ್ನೆ ಓದಿದೆ. ನೀವು ಕೊಪ್ಪಳದವರು, ದಿನಾ ಗಿಣಿಗೇರಾ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗಿ ಬರುತ್ತೀರಿ. ಮನೆಯಲ್ಲಿ ಒಂದು 100 ಸಿಸಿ ಬೈಕ್ ಇದೆ. ರಾಯಚೂರಿನಲ್ಲಿ ಒಬ್ಬರು 2019ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಮಾರಲು ಇಟ್ಟಿದ್ದಾರೆ. 38 ಸಾವಿರ ಕಿಲೋಮೀಟರ್ ಓಡಿದೆ, 1 ಲಕ್ಷ 25 ಸಾವಿರ ಹೇಳುತ್ತಿದ್ದಾರೆ. ನಿಮ್ಮ ಉಳಿತಾಯ 1 ಲಕ್ಷ 30 ಸಾವಿರ. ಹಳೆ ಬೈಕನ್ನು 30 ಸಾವಿರಕ್ಕೆ ಕೊಟ್ಟು, ಆ ದುಡ್ಡಲ್ಲಿ ಜಾಕೆಟ್ಟು, ಬ್ಯಾಗು ತಗೊಂಡು ಗೋಕರ್ಣಕ್ಕೆ ಹೋಗಿ ಬರಬೇಕು ಅಂತ ಆಸೆ. ತಗೊಳ್ಳಲಾ, ಬೇಡವಾ ಅಂತ ಕೇಳಿದ್ದೀರಿ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಳೆ ಬೈಕ್ ಮಾರಬೇಡಿ. ಹಿಮಾಲಯನ್ 1 ಲಕ್ಷ 5 ಸಾವಿರದೊಳಗೆ ಬಂದರೆ ತಗೊಳ್ಳಿ, ಉಳಿದ 25 ಸಾವಿರ ಕೈಯಲ್ಲಿಟ್ಟುಕೊಳ್ಳಿ. ಆದರೆ ಮುಂಗಡ ಒಂದು ರೂಪಾಯಿ ಕೊಡುವ ಮುಂಚೆ ಏರ್ ಫಿಲ್ಟರ್ ಬಿಚ್ಚಿಸಿ ನೋಡಿ. ಏಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು ಬಳ್ಳಾರಿಯವನು. ಸೆಕೆಂಡ್ ಹ್ಯಾಂಡ್ ಟೂರಿಂಗ್ ಬೈಕ್ ಎರಡು ಸಲ ತಗೊಂಡಿದ್ದೇನೆ. ಮೊದಲನೆಯದು ಬೇರೆ ಕಂಪನಿಯದು, ಹೆಸರು ಬೇಡ. ಸಂಡೂರು ಕಡೆ ಗಣಿಯಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರ ಬೈಕ್. ಸಂಜೆ ಏಳಕ್ಕೆ ಅವರ ಮನೆ ಮುಂದೆ ಟ್ಯೂಬ್‌ಲೈಟ್ ಬೆಳಕಲ್ಲಿ ನೋಡಿದೆ. ಪಾಲಿಶ್ ಹಾಕಿಸಿ ಫಳಫಳ ಅಂತಿತ್ತು. ಹೊಸ ಸೀಟ್ ಕವರ್, ಹೊಸ ಸ್ಟಿಕ್ಕರ್. ಒಂದು ಸುತ್ತು ಓಡಿಸಿದೆ, ಸದ್ದು ಚೆನ್ನಾಗಿತ್ತು. 95 ಸಾವಿರ ಎಣಿಸಿಕೊಟ್ಟು ರಾತ್ರಿಯೇ ಮನೆಗೆ ತಂದೆ.

ಎರಡು ವಾರಕ್ಕೆ ಆಯಿಲ್ ಕಮ್ಮಿ ಆಗತೊಡಗಿತು. ಸುರಿದೆ, ಮತ್ತೆ ಕಮ್ಮಿ ಆಯಿತು. ಮೇ ತಿಂಗಳು, ನಮ್ಮ ಕಡೆ ಬಿಸಿಲು ನಿಮಗೆ ಗೊತ್ತೇ ಇದೆ, 42 ಡಿಗ್ರಿ ದಾಟುವ ದಿನಗಳು. ಸಿರುಗುಪ್ಪ ದಾಟಿ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಧ್ಯಾಹ್ನ ಹಿಂದಿನಿಂದ ನೀಲಿ ಹೊಗೆ ಬಂತು. ಆಮೇಲೆ ಇಂಜಿನ್ ಹಿಡಿದುಕೊಂಡು ನಿಂತೇ ಬಿಟ್ಟಿತು. ಎರಡೂ ಕಡೆ ಭತ್ತ ಕೊಯ್ದ ಬರೀ ಗದ್ದೆ, ನೆರಳಿಗೆ ಒಂದು ಜಾಲಿ ಮರ. ಒಂದೂವರೆ ಗಂಟೆ ಕಾದು ಟಾಟಾ ಏಸ್‌ನಲ್ಲಿ ಹಾಕಿಕೊಂಡು ಸಿಂಧನೂರಿಗೆ ಹೋದೆ.

ಅಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದರು, ಎಲ್ಲರೂ ಚಾಚಾ ಅಂತಿದ್ದರು. ಅವರು ಇಂಜಿನ್ ಮುಟ್ಟಲೇ ಇಲ್ಲ. ಮೊದಲು ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರು. ಫಿಲ್ಟರ್ ತೆಗೆದು, ಅದರ ಆಚೆ ಇಂಜಿನ್‌ಗೆ ಗಾಳಿ ಹೋಗುವ ರಬ್ಬರ್ ಪೈಪಿನೊಳಗೆ ಬೆರಳು ಹಾಕಿ ಸವರಿ ನನ್ನ ಮುಂದೆ ಹಿಡಿದರು. ಬೆರಳ ತುದಿಯಲ್ಲಿ ಕುಂಕುಮ ಕಲಸಿದ ಹಾಗೆ ಕೆಂಪು. ಅದಿರಿನ ಧೂಳು, ಎಣ್ಣೆ ಜಿಡ್ಡಿಗೆ ಸೇರಿ ಮೆತ್ತಿಕೊಂಡಿತ್ತು. "ಇದು ಆಯಿಲ್ ಕುಡದದ್ದು ಆಮ್ಯಾಲ ತಮ್ಮಾ, ಮೊದಲ ಮಣ್ಣು ತಿಂದೈತಿ" ಅಂದರು.

ಫಿಲ್ಟರ್ ಇರುವುದೇ ಧೂಳು ತಡೆಯಲಿಕ್ಕೆ. ಅದರ ಈಚೆ ಧೂಳು ಇದ್ದರೆ ಚಿಂತೆ ಇಲ್ಲ, ಇರಲೇಬೇಕು. ಆಚೆ ಇದ್ದರೆ ಮುಗಿಯಿತು. ಹರಿದ ಫಿಲ್ಟರ್, ಸರಿಯಾಗಿ ಕೂರದ ಫಿಲ್ಟರ್, ಗಾಳಿ ಹೊಡೆದು ಹೊಡೆದು ತೂತಾದ ಫಿಲ್ಟರ್, ಯಾವುದಾದರೂ ಆಗಿರಬಹುದು. ಅದಿರಿನ ಧೂಳು ಗಟ್ಟಿ. ಸಿಲಿಂಡರ್ ಗೋಡೆಯನ್ನೂ ಪಿಸ್ಟನ್ ರಿಂಗನ್ನೂ ಉಪ್ಪುಕಾಗದದ ಹಾಗೆ ತೇಯುತ್ತದೆ. ರಿಂಗ್ ಸವೆದರೆ ಆಯಿಲ್ ಮೇಲೆ ಬಂದು ಸುಡುತ್ತದೆ, ಅದೇ ನೀಲಿ ಹೊಗೆ. ಹೊರಗೆ ಎಷ್ಟು ಪಾಲಿಶ್ ಹಾಕಿದರೂ ಒಳಗಿನದು ವಾಪಸ್ ಬರುವುದಿಲ್ಲ. ನನಗೆ 31 ಸಾವಿರ ಖರ್ಚಾಯಿತು, ಸಾಮಾನು ಬರಲು 19 ದಿನ ಕಾದೆ.

ಆದ್ದರಿಂದ ಕಿಲೋಮೀಟರ್ ಕೇಳುವ ಮುಂಚೆ ಆ ಬೈಕ್ ಎಲ್ಲಿ ಓಡಿದೆ ಅಂತ ಕೇಳಿ. ನಮ್ಮ ಮೂರು ಜಿಲ್ಲೆಗಳಲ್ಲಿ ಇದೇ ದೊಡ್ಡ ಪ್ರಶ್ನೆ. ಸಂಡೂರು, ತೋರಣಗಲ್ಲು ಕಡೆ ಓಡಿದ್ದರೆ ಕೆಂಪು ಧೂಳು. ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದ ಕಡೆ ಓಡಿದ್ದರೆ ಬೂದಿ. ಮಾನ್ವಿ, ಸಿಂಧನೂರು ಕಡೆ ಹೊಲದ ದಾರಿಯಲ್ಲಿ ಓಡಿದ್ದರೆ ಎರೆ ಮಣ್ಣು, ಅದು ಮಡ್‌ಗಾರ್ಡ್ ಒಳಗೆ, ಚೈನ್ ಹಿಂದೆ ಒಣಗಿ ಕಲ್ಲಾಗಿರುತ್ತದೆ. ಹೆದ್ದಾರಿಯಲ್ಲೇ 38 ಸಾವಿರ ಓಡಿದ ಬೈಕ್, ಧೂಳಲ್ಲಿ 15 ಸಾವಿರ ಓಡಿದ್ದಕ್ಕಿಂತ ಎಷ್ಟೋ ಒಳ್ಳೆಯದು. ಹಾಗಾಗಿ ನಿಮ್ಮ ಬೈಕಿನ 38 ಸಾವಿರ ನನಗೇನೂ ಹೆದರಿಕೆ ಹುಟ್ಟಿಸುವುದಿಲ್ಲ.

ಹಳೆ ಬೈಕ್ ಮಾರಬೇಡಿ ಅಂದದ್ದೂ ಇದೇ ಕಾರಣಕ್ಕೆ. ಗಿಣಿಗೇರಾ ದಾರಿಯ ಧೂಳು ನಿಮಗೆ ನಾನು ಹೇಳಬೇಕಿಲ್ಲ, ಬಿಳಿ ಅಂಗಿ ಹಾಕಿಕೊಂಡು ಹೋದವರು ಹೇಗೆ ವಾಪಸ್ ಬರುತ್ತಾರೆ ಅಂತ ನಿಮಗೇ ಗೊತ್ತು. ದಿನಾ ಆ ದಾರಿಯಲ್ಲಿ ಹಿಮಾಲಯನ್ ಓಡಿಸಿದರೆ, ನೀವು ನೋಡಿ ನೋಡಿ ತಂದ ಒಳ್ಳೆ ಇಂಜಿನ್‌ಗೆ ನೀವೇ ಧೂಳು ತಿನ್ನಿಸಿದ ಹಾಗೆ. ಪೆಟ್ರೋಲ್ ಲೆಕ್ಕ ಬೇರೆ. 100 ಸಿಸಿ ಬೈಕ್ ಲೀಟರ್‌ಗೆ 60ರ ಆಸುಪಾಸು ಕೊಡುತ್ತದೆ. ನನ್ನ ಹಿಮಾಲಯನ್ 30 ಕೊಟ್ಟರೆ ಹೆಚ್ಚು. 190 ಕೆಜಿ ದಾಟುವ ಗಾಡಿಯನ್ನು ಸಂತೆ ದಿನ ಗಂಜ್ ಮಾರುಕಟ್ಟೆ ಹತ್ತಿರ ಹಿಂದೆ ಮುಂದೆ ತಳ್ಳುವುದು ಸುಖವಲ್ಲ. ಡ್ಯೂಟಿಗೆ ಹಳೆಯದು, ದೂರಕ್ಕೆ ಹೊಸದು ಅಂತ ಮಾಡಿಕೊಳ್ಳಿ. ಜಾಕೆಟ್ಟು ಆರು ತಿಂಗಳು ತಡವಾಗಿ ಬಂದರೂ ನಡೆಯುತ್ತದೆ. ಹೆಲ್ಮೆಟ್ ಮಾತ್ರ ಮೊದಲ ದಿನವೇ ಒಳ್ಳೆಯದು ಇರಲಿ.

ಈಗ ಗಾಡಿಯ ವಿಷಯ. ಹಿಮಾಲಯನ್ 2016ರಲ್ಲಿ ಬಂತು. 411 ಸಿಸಿ, ಒಂದೇ ಸಿಲಿಂಡರ್, ಐದು ಗೇರ್, 15 ಲೀಟರ್ ಟ್ಯಾಂಕ್. ಇಂಜಿನ್‌ಗೆ ಪೆಟ್ರೋಲ್ ಕೊಡಲು ಮೊದಲ ಗಾಡಿಗಳಿಗೆ ಕಾರ್ಬೊರೇಟರ್ ಇತ್ತು, ಆಮೇಲೆ ಫ್ಯೂಯಲ್ ಇಂಜೆಕ್ಷನ್ ಬಂತು. 2019ರದು ಅಂದರೆ ಬಿಎಸ್ 4 (ಆಗಿನ ಹೊಗೆ ನಿಯಮ), ಇಂಜೆಕ್ಷನ್ನೂ, ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ಸೂ ಇರಬೇಕು. 2023ರ ಕೊನೆಗೆ ದ್ರವದಿಂದ ಇಂಜಿನ್ ತಂಪಾಗುವ, ಅಂದರೆ ಲಿಕ್ವಿಡ್ ಕೂಲ್ಡ್, ಹಿಮಾಲಯನ್ 450 ಬಂತು. ಈಗ ಹೊಸ ಹಿಮಾಲಯನ್ ಬೇಕು ಅನ್ನುವವರು ಅದನ್ನೇ ತಗೊಳ್ಳುತ್ತಾರೆ, ಹಾಗಾಗಿ ಹಳೆ 411ಕ್ಕೆ ನೀವು ಚೌಕಾಸಿ ಮಾಡಲು ಜಾಗ ಇದೆ. ಇದು ಓಡುವ ಕುದುರೆ ಅಲ್ಲ, ಎಳೆಯುವ ಎತ್ತು. 80, 90ರಲ್ಲಿ ಇಡೀ ದಿನ ಹೋಗುತ್ತದೆ. ಅದಕ್ಕಿಂತ ಜೋರು ಬೇಕು ಅಂದರೆ ಬೇರೆ ಬೈಕ್ ನೋಡಿ.

ನೋಡಲು ಬೆಳಗ್ಗೆ ಆರಕ್ಕೇ ಹೋಗಿ. ಕೊಪ್ಪಳದಿಂದ ರಾಯಚೂರಿಗೆ ಬೆಳಗ್ಗೆ ಹೊರಟರೆ ಆಗುವುದಿಲ್ಲ, ಹಿಂದಿನ ರಾತ್ರಿ ಹೋಗಿ ಉಳಿದುಕೊಳ್ಳಿ. ತಣ್ಣಗಿರುವ ಇಂಜಿನ್ ನೋಡಬೇಕು, ಅದಕ್ಕೆ ಇಷ್ಟು ಒದ್ದಾಟ. ಬಿಸಿ ಇಂಜಿನ್ ಎಷ್ಟೋ ಕಾಯಿಲೆ ಮುಚ್ಚಿಡುತ್ತದೆ. ಹತ್ತು ಗಂಟೆ ಮೇಲೆ ಹೋದರೆ ರಾಯಚೂರಿನ ಬಿಸಿಲಿಗೆ ನಿಂತ ಗಾಡಿಯೂ ಬಿಸಿಯಾಗಿರುತ್ತದೆ, ಸ್ಟಾರ್ಟ್ ಮಾಡಿ ಇಟ್ಟಿದ್ದಾರಾ ಇಲ್ಲವಾ ಗೊತ್ತೇ ಆಗುವುದಿಲ್ಲ. ಇಂಜಿನ್ ಮೇಲೆ ಅಂಗೈ ಇಡಿ. ತಣ್ಣಗಿದ್ದರೆ ಮಾತ್ರ ಸ್ಟಾರ್ಟ್ ಮಾಡಿಸಿ, ನೀವು ಸೈಲೆನ್ಸರ್ ಹಿಂದೆ ನಿಂತು ಹೊಗೆ ನೋಡಿ. ಬಿಳಿ ಆವಿ ಬಂದು ಹೋದರೆ ಪರವಾಗಿಲ್ಲ. ನೀಲಿ ಬಂದರೆ ನಮಸ್ಕಾರ ಹೇಳಿ ಬಸ್ ಹತ್ತಿ.

ಆಮೇಲೆ ಡಬಲ್ ಸ್ಟ್ಯಾಂಡ್ ಹಾಕಿಸಿ. ಒಬ್ಬರು ಹಿಂದೆ ಒತ್ತಿ ಹಿಡಿದರೆ ಮುಂದಿನ ಚಕ್ರ ಮೇಲೇಳುತ್ತದೆ. ಹ್ಯಾಂಡಲನ್ನು ಎರಡು ಬೆರಳಲ್ಲಿ ನಿಧಾನ ಎಡಕ್ಕೆ, ಬಲಕ್ಕೆ ತಿರುಗಿಸಿ. ಬೆಣ್ಣೆ ಹಾಗೆ ತಿರುಗಬೇಕು. ನಡುವೆ ಒಂದು ಕಡೆ ಗೂಡಿಗೆ ಬಿದ್ದ ಹಾಗೆ ಕಟ್ ಅಂತ ನಿಂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಹೋಗಿದೆ. ಅದು ದೊಡ್ಡ ದೋಷವಲ್ಲ, ಆದರೆ ರೇಟಿನಿಂದ ಕಳೆಯಿರಿ. ಹಾಗೇ ಬಗ್ಗಿ, ಹ್ಯಾಂಡಲ್ ಪೂರ್ತಿ ತಿರುಗಿದಾಗ ಬಂದು ತಾಗುವ ಕಬ್ಬಿಣದ ತುಂಡು ನೋಡಿ, ಎರಡೂ ಕಡೆ ಇರುತ್ತದೆ. ಒಂದು ಕಡೆಯದು ಚಪ್ಪಟೆಯಾಗಿದ್ದರೆ, ಬಣ್ಣ ಹಾರಿದ್ದರೆ ಗಾಡಿ ಜೋರಾಗಿ ಬಿದ್ದಿದೆ. ಇದನ್ನು ಮುಚ್ಚಲು ಮಾರುವವರಿಗೆ ನೆನಪೇ ಇರುವುದಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ನೇ ವರ್ಷದ 23ನೇ ವಾರ ತಯಾರಾದದ್ದು. 38 ಸಾವಿರ ಓಡಿದ ಗಾಡಿಗೆ ಹಿಂದಿನ ಟೈರ್ ಇನ್ನೂ 2019ರದೇ ಇದ್ದು, ಅದರ ಮೇಲಿನ ಗೀರುಗಳು ಸವೆಯದೆ ಆಳವಾಗಿದ್ದರೆ ಮೀಟರ್ ಬಗ್ಗೆ ಯೋಚನೆ ಮಾಡಿ, ಎರಡೂ ಒಟ್ಟಿಗೆ ನಿಜ ಆಗಲು ಕಷ್ಟ. ಸರ್ವಿಸ್ ಬಿಲ್ ಕೇಳಿ. ಚೈನ್ ಸೆಟ್, ಕ್ಲಚ್ ಪ್ಲೇಟ್, ಟೈರ್ ಈಗಾಗಲೇ ಬದಲಾಗಿದ್ದು ಬಿಲ್ ಇದ್ದರೆ ಆ ಗಾಡಿಗೆ 10 ಸಾವಿರ ಜಾಸ್ತಿ ಕೊಟ್ಟರೂ ತಪ್ಪಿಲ್ಲ. ಆಗಿಲ್ಲದಿದ್ದರೆ ಅದೆಲ್ಲ ನಿಮ್ಮ ಜೇಬಿಂದ. ಆ 25 ಸಾವಿರ ಇದಕ್ಕೇ. ನನ್ನ ಎರಡನೇ ಗಾಡಿ, ಅದೂ ಹಿಮಾಲಯನ್ನೇ, ಎಲ್ಲಾ ನೋಡಿ ತಗೊಂಡರೂ ಮೊದಲ ತಿಂಗಳು 19 ಸಾವಿರ ಕೇಳಿತು. ಆಮೇಲೆ ಎರಡು ವರ್ಷ ಆಯಿಲ್, ಪೆಟ್ರೋಲ್ ಬಿಟ್ಟು ಏನೂ ಕೇಳಿಲ್ಲ.

ಒಂದು ಮಾತು ಯಾರೂ ಹೇಳುವುದಿಲ್ಲ. ಈ ಗಾಡಿಗೆ ಕಡ್ಡಿ ಚಕ್ರ, ಟ್ಯೂಬ್ ಟೈರು. ಮುಂದಿನದು 21 ಇಂಚು. ಕುಷ್ಟಗಿ, ಲಿಂಗಸುಗೂರು ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ಆ ಅಳತೆ ಟ್ಯೂಬ್ ಸಿಗುತ್ತದೆ ಅಂತ ನಂಬಬೇಡಿ. ಮುಂದಿನದೊಂದು, ಹಿಂದಿನದೊಂದು ಟ್ಯೂಬ್ ಯಾವಾಗಲೂ ಬ್ಯಾಗಲ್ಲಿರಲಿ.

ಕಾಗದಪತ್ರ ಬೇಗ ಹೇಳುತ್ತೇನೆ. ಆರ್‌ಸಿ (ನೋಂದಣಿ ಪತ್ರ) ಮೇಲಿನ ಚಾಸಿ ನಂಬರ್, ಇಂಜಿನ್ ನಂಬರ್ ಗಾಡಿಯ ಮೇಲಿನದಕ್ಕೆ ಸರಿ ಇದೆಯಾ ನೀವೇ ಓದಿ ನೋಡಿ. ಲೋನ್ ಇದ್ದರೆ ಬ್ಯಾಂಕಿನ ಎನ್‌ಒಸಿ (ತಕರಾರಿಲ್ಲ ಅನ್ನುವ ಪತ್ರ) ಮತ್ತು ಆರ್‌ಸಿಯಿಂದ ಲೋನ್ ತೆಗೆಸುವ ಫಾರ್ಮ್ 35 ಬೇಕು. ಹೆಸರು ಬದಲಾವಣೆಗೆ ಫಾರ್ಮ್ 29, 30. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2019ರ ಗಾಡಿಗೆ ಅದು 2024ರಲ್ಲೇ ಮುಗಿದಿರುತ್ತದೆ, ಆಮೇಲೆ ಕಟ್ಟಿದ್ದಾರಾ ಕೇಳಿ. ನಂಬರ್ ರಾಯಚೂರಿನ ಕೆಎ 36 ಇದೆಯಾ ನೋಡಿಕೊಳ್ಳಿ. ರಾಯಚೂರಿನಲ್ಲಿ ಹೈದರಾಬಾದ್ ಕಡೆಯ ತೆಲಂಗಾಣ ನಂಬರ್ ಗಾಡಿಗಳೂ ಮಾರಾಟಕ್ಕೆ ಬರುತ್ತವೆ, ಅಗ್ಗ ಅನ್ನಿಸುತ್ತದೆ. ಅದನ್ನು ಇಲ್ಲೇ ಇಟ್ಟುಕೊಳ್ಳಬೇಕಾದರೆ ಅಲ್ಲಿಯ ಆರ್‌ಟಿಒ ಎನ್‌ಒಸಿ ತರಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಅಗ್ಗ ಅಲ್ಲಿಗೇ ಕರಗುತ್ತದೆ. ದುಡ್ಡು ಪೂರ್ತಿ ಕೊಡುವುದು ಆರ್‌ಟಿಒದಲ್ಲಿ ಅರ್ಜಿ ಹೋದ ಮೇಲೆ.

ಇಷ್ಟೆಲ್ಲ ಹೇಳಿ ಹೆದರಿಸಿದೆ ಅಂದುಕೊಳ್ಳಬೇಡಿ. ತಗೊಳ್ಳಿ ಅಂತಲೇ ನನ್ನ ಮನಸ್ಸು. ಹೋದ ಡಿಸೆಂಬರ್‌ನಲ್ಲಿ ನಾನು ಬೆಳಗಿನ ಜಾವ ಬಳ್ಳಾರಿ ಬಿಟ್ಟೆ. ಹೊಸಪೇಟೆ ದಾಟುವಾಗ ಡ್ಯಾಮಿನ ಕಡೆಯಿಂದ ಬರುವ ತಣ್ಣನೆ ಗಾಳಿ ಹೆಲ್ಮೆಟ್ ಸಂದಿಯಲ್ಲಿ ಮುಖಕ್ಕೆ ತಾಗಿತು. ನಿಮ್ಮ ಕೊಪ್ಪಳದಲ್ಲಿ ಒಗ್ಗರಣೆ ಮಿರ್ಚಿ ತಿಂದೆ. ಗದಗ, ಹುಬ್ಬಳ್ಳಿ, ಯಲ್ಲಾಪುರ. ಅರಬೈಲು ಘಟ್ಟ ಇಳಿಯುವಾಗ ಮಧ್ಯಾಹ್ನ. ಬಯಲುಸೀಮೆಯ ಬಿಸಿಲಲ್ಲಿ ಬೆಳೆದ ನನಗೆ ಆ ಮರಗಳ ಕೆಳಗೆ ಗಾಡಿ ನಿಧಾನ ಮಾಡಿದಾಗ ಆದ ಸಂತೋಷ ಬರೆದು ತೋರಿಸಲು ಬರುವುದಿಲ್ಲ. ಗಾಡಿ ಒಂದು ಸಲವೂ ತಂಟೆ ಮಾಡಲಿಲ್ಲ. ಆ ದಾರಿ ನಿಮಗೂ ಸಿಗಲಿ ಅಂತಲೇ ಇಷ್ಟು ಬರೆದದ್ದು.

ಹೋಗುವ ಮುಂಚಿನ ದಿನ ಅವರಿಗೆ ಫೋನ್ ಮಾಡಿ ಎರಡು ಮಾತು ಹೇಳಿ: ಬೆಳಗ್ಗೆ ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ, ಏರ್ ಫಿಲ್ಟರ್ ಬಿಚ್ಚಿ ನೋಡುತ್ತೇವೆ. ಎರಡಕ್ಕೂ ಒಪ್ಪಿದರೆ ಹೋಗಿ. ಪರಿಚಯದ ಮೆಕ್ಯಾನಿಕ್‌ಗೆ ಒಂದು ದಿನದ ಕೂಲಿ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ. ಫಿಲ್ಟರ್‌ನ ಆಚೆ ಪೈಪನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯ ಫೋಟೊ ಇಲ್ಲೇ ಹಾಕಿ. ನೋಡಿದ ಕೂಡಲೇ ಉತ್ತರ ಬರೆಯುತ್ತೇನೆ.