ಬೆಳಗಾವಿ ಕ್ರಾಫ್ಟ್ ಪೇಪರ್ ಘಟಕ: ಕ್ಲಾರಿಫೈಯರ್‌ನಾಗ ಸ್ಲಡ್ಜ್ ತಳಕ್ಕ ಕೂಡ್ರವಲ್ದು ಅಂದವರಿಗೆ
ನಿಮ್ಮ ಘಟಕದ ಕೊಳಚೆ ನೀರು ತಿಳಿ ಮಾಡೋ ತೊಟ್ಟಿ (ಕ್ಲಾರಿಫೈಯರ್) ಒಳಗ ಸ್ಲಡ್ಜ್, ಅಂದ್ರ ಬ್ಯಾಕ್ಟೀರಿಯಾ ತುಂಬಿದ ಕೆಸರು, ತಳಕ್ಕ ಇಳೀದ ಉಬ್ಬಿ ಹೊರಗ ಹೊಂಟೈತಿ ಅಂತ ಬರೆದೀರಿ. ಬಹುತೇಕ ಇದು ಆ ಬ್ಯಾಕ್ಟೀರಿಯಾಕ್ಕ ಸಾರಜನಕ, ರಂಜಕದ ಕೊರತೆ. ಹಳೇ ರಟ್ಟು ಕರಗಿಸಿದ ನೀರಿನಾಗ ಪಿಷ್ಟ ಭರಪೂರ, ಇವೆರಡು ಕಡಿಮೆ. ಆಗ ದಾರದಂಥ ಬ್ಯಾಕ್ಟೀರಿಯಾ ಬೆಳೆದು, ನೀವು ಬರೆದಂಗ ಸ್ಲಡ್ಜ್ ಉಬ್ಬಿ ಅಂಚು ದಾಟತೈತಿ.

ಮೊದಲು ಏರೇಷನ್ ಟ್ಯಾಂಕಿನ (ಗಾಳಿ ಊದೋ ತೊಟ್ಟಿಯ) ನೀರು ಒಂದು ಲೀಟರ್ ಜಾಡಿಗೆ ಹಿಡಿದು 30 ನಿಮಿಷ ಬಿಡ್ರಿ. ಮ್ಯಾಲೆ ತಿಳಿನೀರು ಬೆರಳಗಲ, ಕೆಳಗೆಲ್ಲಾ ಉಬ್ಬಿದ ಸ್ಲಡ್ಜ್ ಇದ್ರ ಅನುಮಾನ ಖರೆ. ತಳಕ್ಕ ಕೂತು, ತಾಸೆರಡು ತಾಸಿನ ಮ್ಯಾಲೆ ಗುಳ್ಳೆ ಸಮೇತ ಎದ್ರ ಅದು ಬ್ಯಾರೆ ರೋಗ. ಅದಕ್ಕ ಕ್ಲಾರಿಫೈಯರ್ ತಳದ ಸ್ಲಡ್ಜ್ ಏರೇಷನ್ ಟ್ಯಾಂಕಿಗೆ ವಾಪಸ್ ಕಳಿಸೋ ರಿಟರ್ನ್ ಪಂಪ್ ಜಾಸ್ತಿ ಓಡಿಸ್ರಿ, ಮುಂದ ಹೇಳೋ ಯೂರಿಯಾ, ಆ್ಯಸಿಡ್ ಬ್ಯಾಡ.

ಉಬ್ಬಿದ್ದೇ ಆದ್ರ, ಹೊರಹೋಗೋ ನೀರಿನ ಅಮೋನಿಯಾ, ಫಾಸ್ಫೇಟ್ ಲ್ಯಾಬಿನಾಗ ನೋಡಿಸ್ರಿ. ಎರಡೂ ಸೊನ್ನೆ ಹತ್ತಿರ ಬಂದ್ರ ಡೋಸ್ ಶುರು ಮಾಡ್ರಿ. ಬಿಓಡಿ (ನೀರಿನಾಗಿನ ಕೊಳೆ ತಿನ್ನಾಕ ಬ್ಯಾಕ್ಟೀರಿಯಾಕ್ಕ ಬೇಕಾಗೋ ಆಮ್ಲಜನಕದ ಅಳತೆ), ಸಾರಜನಕ, ರಂಜಕ 100:5:1 ಲೆಕ್ಕ: 100 ಕಿಲೋ ಬಿಓಡಿಗೆ ಸುಮಾರು 11 ಕಿಲೋ ಯೂರಿಯಾ, 85% ಫಾಸ್ಫಾರಿಕ್ ಆ್ಯಸಿಡ್ 4 ಕಿಲೋದೊಳಗ. ಅರ್ಧದಿಂದ ಹಿಡಿದು, ಲ್ಯಾಬ್ ರಿಪೋರ್ಟ್ ನೋಡಿಕೋತ ಏರಿಸ್ರಿ. ನೀರಿನಾಗ ಕರಗಿಸಿ ದಿನವಿಡೀ ಸಣ್ಣಗ ಬಿಡ್ರಿ, ಒಮ್ಮೆಲೇ ಸುರಿಬ್ಯಾಡ್ರಿ. ಅಗ್ಗ ಅಂತ ರೈತರ ಬೇವು ಲೇಪಿತ ಯೂರಿಯಾ ತರಬ್ಯಾಡ್ರಿ, ಕಾರ್ಖಾನೆಗೆ ಅದು ಕಾನೂನುಬಾಹಿರ. ಟೆಕ್ನಿಕಲ್ ಗ್ರೇಡ್ ಕೇಳ್ರಿ.

ಏರೇಷನ್ ಟ್ಯಾಂಕಿನ ಡಿಓ (ನೀರಿನಾಗ ಕರಗಿದ ಆಮ್ಲಜನಕ) ಲೀಟರಿಗೆ 2 ಮಿಲಿಗ್ರಾಂ ಕೆಳಗಿಳಿದ್ರೂ ಇಂಥ ದಾರದ ಬ್ಯಾಕ್ಟೀರಿಯಾ ಬೆಳೀಬಹುದು. ಸೂಕ್ಷ್ಮದರ್ಶಕದಾಗ ನೋಡದ ಸಾರಜನಕ-ರಂಜಕದ ಕೊರತೆಯೋ, ಆಮ್ಲಜನಕದ ಕೊರತೆಯೋ ಅಂತ ಖಾತ್ರಿ ಹೇಳಾಕ ಬರಂಗಿಲ್ಲ, ಹಂಗಾಗಿ ಯೂರಿಯಾ ತರೂ ಮೊದಲು ಡಿಓ ಮೀಟರ್ ಹಿಡಿದು ಟ್ಯಾಂಕಿನ ನಾಲ್ಕೂ ಮೂಲಿ ನೋಡ್ರಿ.