ಬಾರದ ಪ್ಯಾಚಿಗೆ ಕಾಯುವುದು ಎಲ್ಲಿಯ ತನಕ?

ಪ್ರಶ್ನೆ: ಆಂಡ್ರಾಯ್ಡ್ ಫೋನುಗಳಲ್ಲಿ ಗಂಭೀರ ದೋಷವಿದೆ, ಕೂಡಲೇ ಅಪ್‌ಡೇಟ್ ಮಾಡಿಕೊಳ್ಳಿ ಎಂದು ಪತ್ರಿಕೆಯಲ್ಲಿ ಓದಿದೆ. ನನ್ನದು ಆಂಡ್ರಾಯ್ಡ್ 11. ಅಪ್‌ಡೇಟ್ ಒತ್ತಿದರೆ ‘ಎಲ್ಲವೂ ಹೊಸದಾಗಿಯೇ ಇದೆ’ ಎನ್ನುತ್ತದೆ. ಬದಿಯಡ್ಕದ ಅಂಗಡಿಯವರು ‘ಕಂಪನಿಯವರು ಕಳುಹಿಸುತ್ತಾರೆ, ಕಾಯಿರಿ’ ಎಂದರು. ಅಡಿಕೆಯ ಹಣ, ಪೆನ್ಶನ್ ಎರಡೂ ಇದೇ ಫೋನಿನಲ್ಲಿ. ಕಾಯಲೇ?
– ಓದುಗರೊಬ್ಬರು, ನೀರ್ಚಾಲು

ಉತ್ತರ: ಕಾಯಬೇಡಿ. ಆಂಡ್ರಾಯ್ಡ್ 11 ಬಂದದ್ದು 2020ರಲ್ಲಿ. ಅದರ ದೋಷ ತಿದ್ದುವುದನ್ನು ಗೂಗಲ್ 2024ರ ಆರಂಭದಲ್ಲೇ ನಿಲ್ಲಿಸಿತು. ‘ಎಲ್ಲವೂ ಹೊಸದು’ ಎಂದರೆ ಆ ಮಾದರಿಗೆ ಕಂಪನಿ ಕೊಟ್ಟದ್ದೆಲ್ಲ ನಿಮ್ಮಲ್ಲಿದೆ ಎಂದಷ್ಟೇ. ಕೊಡುವುದನ್ನೇ ಬಿಟ್ಟ ಮೇಲೂ ಫೋನ್ ಅದೇ ಪಾಠ ಒಪ್ಪಿಸುತ್ತದೆ. ನೋಡಬೇಕಾದದ್ದು ಸೆಟ್ಟಿಂಗ್ಸ್‌ನಲ್ಲಿ ಆಂಡ್ರಾಯ್ಡ್ ಆವೃತ್ತಿಯ ಜೊತೆಗಿರುವ ‘ಸೆಕ್ಯುರಿಟಿ ಅಪ್‌ಡೇಟ್’ ದಿನಾಂಕವನ್ನು.

ಗೂಗಲ್ ಪ್ರತಿ ತಿಂಗಳು ಪ್ಯಾಚ್, ಎಂದರೆ ದೋಷ ಮುಚ್ಚುವ ತೇಪೆ, ಪ್ರಕಟಿಸುವ ಪದ್ಧತಿ ಆರಂಭವಾದದ್ದು 2015ರ ಆಗಸ್ಟ್‌ನಲ್ಲಿ. ವಿಡಿಯೊ ಇರುವ ಒಂದು ಎಂಎಂಎಸ್ ಕಳುಹಿಸಿಯೇ ಫೋನಿನೊಳಗೆ ನುಗ್ಗಬಹುದಾದ ‘ಸ್ಟೇಜ್‌ಫ್ರೈಟ್’ ದೋಷ ಅದಕ್ಕೂ ಹಿಂದಿನ ತಿಂಗಳು ಬಯಲಾಗಿತ್ತು. ಈಗ ದೋಷದ ವಿವರ ಫೋನ್ ಕಂಪನಿಗಳಿಗೆ ಪ್ರಕಟಣೆಗಿಂತ ಕನಿಷ್ಠ ಒಂದು ತಿಂಗಳು ಮೊದಲೇ ತಲುಪುತ್ತದೆ. ಆದರೆ ಚಿಪ್ ತಯಾರಕರು ತಮ್ಮ ಭಾಗವನ್ನು ತಿದ್ದಬೇಕು, ಫೋನ್ ಕಂಪನಿ ಅದನ್ನು ತನ್ನ ಆವೃತ್ತಿಗೆ ಹೊಂದಿಸಿ ಪರೀಕ್ಷಿಸಬೇಕು, ಆಮೇಲೆ ಒಂದೊಂದೇ ಮಾದರಿಗೆ ಬಿಡಬೇಕು. ದುಬಾರಿ ಫೋನುಗಳದು ಮೊದಲ ಪಂಕ್ತಿ. ನಮ್ಮ ನಿಮ್ಮ ಕೈಯಲ್ಲಿರುವುದು ಕೊನೆಯ ಪಂಕ್ತಿಯದು. ಇನ್ನೊಂದು ಪೇಚೂ ಇದೆ. ಪ್ಯಾಚ್ ಹೊರಬಿದ್ದೊಡನೆ ಹಳೆಯ ಕೋಡನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದವನಿಗೆ ತೂತು ಎಲ್ಲಿತ್ತೆಂದು ತಿಳಿದುಬಿಡುತ್ತದೆ. ಹೀಗಾಗಿ ಪ್ರಕಟಣೆಗೂ ನಿಮ್ಮ ಫೋನಿಗೆ ಪ್ಯಾಚ್ ಬರುವುದಕ್ಕೂ ನಡುವಿನ ದಿನಗಳೇ ಹೆಚ್ಚು ಅಪಾಯದವು.

ಹಾಗೆಂದು ಇಂದೇ ಫೋನನ್ನು ಮೂಲೆಗೆಸೆಯಬೇಕಾಗಿಲ್ಲ. ಕ್ರೋಮ್, ವೆಬ್‌ವ್ಯೂ (ಬೇರೆ ಆ್ಯಪ್‌ಗಳ ಒಳಗೆ ಜಾಲಪುಟ ತೋರಿಸುವ ಭಾಗ), ವಾಟ್ಸ್‌ಆ್ಯಪ್‌ಗಳ ತಿದ್ದುಪಡಿ ಕಂಪನಿಯ ಹಂಗಿಲ್ಲದೆ ಪ್ಲೇಸ್ಟೋರಿನಿಂದಲೇ ಬರುತ್ತದೆ, ಅವುಗಳನ್ನು ತಪ್ಪಿಸಬೇಡಿ. ಆಳದಲ್ಲಿರುವ ಕರ್ನಲ್‌ನ (ಆಂಡ್ರಾಯ್ಡಿನ ತಿರುಳು) ಮತ್ತು ಚಿಪ್‌ಗಳನ್ನು ನಡೆಸುವ ಡ್ರೈವರುಗಳ ದೋಷ ಮಾತ್ರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಹಣವನ್ನು ಅಲ್ಲಿಂದ ಎಬ್ಬಿಸಿ. ಶಾಖೆಗೆ ಹೋಗಿ ಮುಖ್ಯ ಖಾತೆಗೆ ಬೇರೆ ನಂಬರ್ ಕೊಡಿ, ಆ ಸಿಮ್ ಗುಂಡಿ ಒತ್ತುವ ಫೋನಿನಲ್ಲಿರಲಿ. ಯುಪಿಐಗೆ ಇನ್ನೊಂದು ಚಿಕ್ಕ ಖಾತೆ ಜೋಡಿಸಿ, ದಿನಸಿಗೆ ಬೇಕಾದಷ್ಟು ಮಾತ್ರ ಅದರಲ್ಲಿಡಿ.

ನನ್ನನ್ನು ಕೇಳಿದರೆ, ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಕಡೆ ಇದಕ್ಕಿಂತ ದೊಡ್ಡ ಅಪಾಯಕ್ಕೆ ಯಾವ ದೋಷವೂ ಬೇಕಾಗಿಲ್ಲ. ‘ನಿಮ್ಮ ವಾಹನಕ್ಕೆ ದಂಡ ಬಿದ್ದಿದೆ’ ಎಂದು ವಾಟ್ಸ್‌ಆ್ಯಪಿನಲ್ಲಿ ಒಂದು ಎಪಿಕೆ ಕಡತ (ಒತ್ತಿದರೆ ಆ್ಯಪ್ ಹಾಕುವ ಕಡತ) ಬರುತ್ತದೆ. ಸರಕಾರದ ಅಸಲಿ ಸಂದೇಶಗಳೇ ಮಲಯಾಳದಲ್ಲಿ ಬರುವ ಊರಿನಲ್ಲಿ, ಲಿಪಿ ಬಾರದ ನಮ್ಮ ಹಿರಿಯರು ಮಲಯಾಳ ಕಂಡರೆ ಕಚೇರಿಯದೇ ಇರಬೇಕೆಂದು ಸಿಕ್ಕಿದ್ದನ್ನು ಒತ್ತಿಬಿಡುತ್ತಾರೆ. ಆ ಆ್ಯಪ್ ಕೇಳಿದ ಅನುಮತಿಯನ್ನೆಲ್ಲ ಕೊಟ್ಟರೆ ಒಟಿಪಿ ನೇರ ಕಳ್ಳನ ಕೈಗೆ ಹೋಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಬಂದ ಆ್ಯಪನ್ನು, ಯಾರೇ ಕಳುಹಿಸಿರಲಿ, ಹಾಕಿಕೊಳ್ಳಬೇಡಿ. ಹಣ ಹೋದದ್ದು ತಿಳಿದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಗ ಬೆಂಗಳೂರಿನಿಂದ ಬರಲಿ ಎಂದು ಕೂರಬೇಡಿ.

ಪ್ರಶ್ನೆ: ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾ ಬಿಟ್ಟು ಇನ್ನೇನು ಕೇಳಬೇಕು?
– ಓದುಗರು, ಮಂಜೇಶ್ವರ

ಉತ್ತರ: ಸೆಕ್ಯುರಿಟಿ ಅಪ್‌ಡೇಟ್ ಯಾವ ತಿಂಗಳ ತನಕ ಬರುತ್ತದೆ ಎಂದು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಇದನ್ನು ತಿಳಿಸುವುದು ಕಾನೂನು. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಕಂಪನಿಯ ಜಾಲತಾಣ ನೋಡಿ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್ 24 ಮಾದರಿಗಳಿಗೆ ಏಳು ವರ್ಷದ ಭರವಸೆಯಿದೆ, ಆದರೆ ಬೆಲೆ ಜಾಸ್ತಿ. ಈ ವರ್ಷಗಳ ಎಣಿಕೆ ಮಾದರಿ ಮಾರುಕಟ್ಟೆಗೆ ಬಂದಂದಿನಿಂದ, ನೀವು ಕೊಂಡ ದಿನದಿಂದಲ್ಲ. ಓಣಂ ರಿಯಾಯಿತಿಯಲ್ಲಿ ತೀರಾ ಅಗ್ಗವಾಗಿ ಕಂಡದ್ದು ಬಿಡುಗಡೆಯಾಗಿ ಎರಡು ವರ್ಷ ಕಳೆದದ್ದಾಗಿದ್ದರೆ, ಆ ಎರಡು ವರ್ಷವನ್ನು ಕಳೆದೇ ಬೆಲೆ ಕಟ್ಟಿ.