ಸೀರೆ ಅಂಗಡಿ ಚೀಲದಲ್ಲಿ ಹನ್ನೊಂದು ಲಕೋಟೆ

ಹೆಸರು, ಊರು, ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಮುಂದೆ ಬರುವ ಕೌನ್ಸಿಲ್ ಟ್ಯಾಕ್ಸ್ (ಇಲ್ಲಿನ ಮನೆ ಕಂದಾಯ), ಬಾಡಿಗೆ ನೆರವಿನ ಲೆಕ್ಕವೆಲ್ಲ 2025-26ರ ದರದ್ದು, ಇಂಗ್ಲೆಂಡಿನದು.

ಸುಮಾ ನನ್ನ ಹತ್ತಿರ ಆಪ್ತಸಲಹೆಗೆ ಬಂದದ್ದು ಜೂನ್ ಕೊನೆಯಲ್ಲಿ. ನಿದ್ದೆ ಬರ್ತಿಲ್ಲ, ಮಗನ ಮೇಲೆ ಸುಮ್ನೆ ರೇಗ್ತೀನಿ, ಕನ್ನಡದಲ್ಲಿ ಮಾತಾಡೋರು ಬೇಕಿತ್ತು ಅಂದರು. ಮೈಸೂರು ಕಡೆಯವರು. ವಯಸ್ಸು 36, ಮಗನಿಗೆ 7. ಒಂದು ಕೇರ್ ಹೋಮ್‌ನಲ್ಲಿ ವಾರಕ್ಕೆ 25 ಗಂಟೆ ಕೆಲಸ. ಗಂಡ ಜನವರಿಯಲ್ಲಿ ಬೇರೆ ಊರಿಗೆ ಹೋದವರು ವಾಪಸ್ ಬಂದಿರಲಿಲ್ಲ. ಬರುವುದೂ ಇಲ್ಲ ಅಂತ ಮಾರ್ಚಿನಲ್ಲಿ ಗೊತ್ತಾಯಿತು.

ಮೊದಲ ಭೇಟಿ ಮುಗಿದು ಎದ್ದು ಹೊರಡುವಾಗ ಕೈಯಲ್ಲಿದ್ದ ಚೀಲವನ್ನು ಮೇಜಿನ ಮೇಲಿಟ್ಟರು. ಮೈಸೂರಿನ ಸೀರೆ ಅಂಗಡಿಯ ಬಟ್ಟೆ ಚೀಲ, ಹಿಡಿ ಸವೆದಿತ್ತು. ಒಳಗೆ ಹನ್ನೊಂದು ಲಕೋಟೆ. ಒಂದನ್ನೂ ಒಡೆದಿರಲಿಲ್ಲ. "ಅಕ್ಕಾ, ಇದನ್ನ ನೀವೇ ನೋಡಿ, ನನ್ನ ಕೈಲಿ ಆಗ್ತಿಲ್ಲ" ಅಂದರು. ಅಲ್ಲಿಯವರೆಗೂ ಮೇಡಂ ಆಗಿದ್ದವಳು ಅಲ್ಲಿಂದ ಅಕ್ಕ ಆದೆ.

ಕೂತು ಒಂದೊಂದೇ ಒಡೆದೆವು. ನಾಲ್ಕು ಕೌನ್ಸಿಲ್‌ನವು, ಅಂದರೆ ಇಲ್ಲಿನ ಸ್ಥಳೀಯ ಆಡಳಿತದವು. ಮಾರ್ಚಿನಲ್ಲಿ ಬಂದ ಕೌನ್ಸಿಲ್ ಟ್ಯಾಕ್ಸಿನ ವರ್ಷದ ಬಿಲ್ಲು, 1,900 ಪೌಂಡ್. ಆಮೇಲೆ ಏಪ್ರಿಲ್ ಕಂತು ಬಂದಿಲ್ಲ ಎಂಬ ನೆನಪೋಲೆ. ಅದಾದ ಮೇಲೆ, ಕಂತಿನ ಸೌಲಭ್ಯ ಹೋಯಿತು, ಇಡೀ ವರ್ಷದ ಹಣ ಈಗಲೇ ಕಟ್ಟಿ ಎಂಬ ಪತ್ರ. ಕೊನೆಯದು ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್. ತಾರೀಖಿಗೆ ಹದಿನಾರು ದಿನ ಉಳಿದಿತ್ತು.

"ಕಂದಾಯ ಮನೆ ಓನರ್ ಕಟ್ತಾರಲ್ವಾ ಅಕ್ಕಾ?"

ನಮ್ಮೂರಿನ ಲೆಕ್ಕ ಅದು. ನಗರಸಭೆಗೆ ಮನೆ ಕಂದಾಯ ಕಟ್ಟುವುದು ಮನೆ ಯಜಮಾನ, ಬಾಡಿಗೆದಾರರಿಗೆ ಅದರ ಗೊಡವೆಯೇ ಇಲ್ಲ. ಇಲ್ಲಿ ಹಾಗಲ್ಲ. ಸಾಮಾನ್ಯವಾಗಿ ಮನೆಯಲ್ಲಿ ವಾಸ ಇರುವವರೇ ಕೌನ್ಸಿಲ್ ಟ್ಯಾಕ್ಸ್ ಕಟ್ಟಬೇಕು. ಇಷ್ಟು ವರ್ಷ ಗಂಡ ಕಟ್ಟುತ್ತಿದ್ದರು, ಹಾಗಾಗಿ ಇವರಿಗೆ ಗೊತ್ತೇ ಆಗಿರಲಿಲ್ಲ. ಓದಿದವರೇ. ಆದರೆ ಒಂದು ಮನೆಯಲ್ಲಿ ಯಾವ ಕಾಗದ ಯಾರ ಪಾಲಿಗೆ ಅಂತ ಹಂಚಿಕೆ ಆಗಿಬಿಟ್ಟಿರುತ್ತದೆ.

ನಾನು ಆಪ್ತಸಲಹೆಗಾರ್ತಿ, ಲೆಕ್ಕದವಳಲ್ಲ. ಉಸಿರಾಟದ ಅಭ್ಯಾಸ ಹೇಳಿಕೊಟ್ಟು, ಮುಂದಿನ ವಾರ ಬನ್ನಿ ಅಂತ ಕಳಿಸಬಹುದಿತ್ತು. ಸಮನ್ಸ್ ಮಾತ್ರ ಇದ್ದಲ್ಲೇ ಇರುತ್ತಿತ್ತು. ನಿದ್ದೆ ಕೆಡಿಸುತ್ತಿದ್ದದ್ದು ಈ ಚೀಲ ಅನ್ನಿಸಿತು. ಅದಕ್ಕೇ ಮುಂದಿನ ಮೂರು ಭೇಟಿ ಬರೀ ಇದರ ಮೇಲೇ ಕೂತೆವು. ನಾನು ಹೇಳಿದ್ದನ್ನೆಲ್ಲ ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆಯಲ್ಲಿ ಇನ್ನೊಮ್ಮೆ ಕೇಳಿಕೊಂಡು ಬನ್ನಿ ಅಂತಲೂ ಕಳಿಸಿದೆ. ಅಲ್ಲಿ ದುಡ್ಡು ಕೇಳುವುದಿಲ್ಲ.

ಮೊದಲು ಕೇಳಿದ್ದು ವೀಸಾ ಬಗ್ಗೆ. ನಮ್ಮವರಲ್ಲಿ ಎಷ್ಟೋ ಜನ ಕೆಲಸದ ವೀಸಾದಲ್ಲಿದ್ದಾರೆ. ಅದರ ಜೊತೆಗೆ ಸರ್ಕಾರದ ಹಣ ಪಡೆಯುವಂತಿಲ್ಲ ಎಂಬ ಷರತ್ತು ಇರುತ್ತದೆ. ಹಾಗಿದ್ದರೆ ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವು) ಅರ್ಜಿಗೆ ಕೈ ಹಾಕಲೇಬಾರದು, ಮುಂದೆ ವೀಸಾಕ್ಕೇ ತೊಂದರೆ. ಸುಮಾ ಅವರಿಗೆ 2023ರಲ್ಲಿ ಶಾಶ್ವತ ವಾಸದ ಅನುಮತಿ ಸಿಕ್ಕಿತ್ತು, ಅದು ಗಂಡನ ಮೇಲೆ ನಿಂತಿರಲಿಲ್ಲ. ಸಂಶಯ ಇರುವವರಿಗೆ ನಾನು ಉತ್ತರ ಹೇಳುವುದಿಲ್ಲ. ವಲಸೆ ಸಲಹೆ ಕೊಡಲು ಇಲ್ಲಿ ನೋಂದಣಿ ಬೇಕು, ಅಂಥವರ ಹತ್ತಿರವೇ ಕಳಿಸುತ್ತೇನೆ.

ಅರ್ಜಿ ಅಂದ ಕೂಡಲೇ ಅವರ ಮುಖ ಬಿಗಿಯಿತು. "ನಂಗೆ ಯಾರ ಹಂಗೂ ಬೇಡ ಅಕ್ಕಾ. ದುಡಿಯೋಳಿಗೆ ಯಾಕೆ ಈ ಬೆನಿಫಿಟ್ ಎಲ್ಲ? ನಮ್ಮಪ್ಪನಿಗೆ ಗೊತ್ತಾದ್ರೆ?"

ಹಂಗು ಅನ್ನುವ ಮಾತು ಅವರ ಬಾಯಲ್ಲಿ ಆ ದಿನ ನಾಲ್ಕೈದು ಸಲ ಬಂತು. ನಾನು ವಾದ ಮಾಡಲಿಲ್ಲ. ಈ ಆರು ತಿಂಗಳು ಬಾಡಿಗೆ ಹೇಗೆ ಕಟ್ಟಿದಿರಿ ಅಂತಷ್ಟೇ ಕೇಳಿದೆ. ಎರಡು ತಿಂಗಳು ಉಳಿತಾಯದಿಂದ. ಆಮೇಲೆ ಗಂಡನ ಅಣ್ಣ ಕೊಡುತ್ತಿದ್ದರು, ಕೊಟ್ಟಾಗಲೆಲ್ಲ "ನೀನೇ ಸ್ವಲ್ಪ ಹೊಂದಿಕೊಂಡು ಹೋಗಬೇಕಿತ್ತಮ್ಮ" ಅಂತ ಒಂದು ಮಾತೂ ಸೇರಿಸಿ. ಹಾಗಾದರೆ ಹಂಗಿನಲ್ಲಿ ಇರುವುದು ಈಗಲೋ, ಅರ್ಜಿ ಹಾಕಿದ ಮೇಲೋ ಅಂತ ಕೇಳಿದೆ. ತುಂಬ ಹೊತ್ತು ಸುಮ್ಮನೆ ಕೂತರು. ನಿಮ್ಮ ಸಂಬಳದಿಂದ ಪ್ರತಿ ತಿಂಗಳು ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ ಹಿಡಿಯುತ್ತಾರೆ ತಾನೆ, ಅಂತ ಅವರದೇ ಪೇ ಸ್ಲಿಪ್ ತೋರಿಸಿದೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಬಾಡಿಗೆಗೊಂದು ಬಾಗಿಲು, ಕೌನ್ಸಿಲ್ ಟ್ಯಾಕ್ಸ್‌ಗೆ ಇನ್ನೊಂದು. ಹೌಸಿಂಗ್ ಬೆನಿಫಿಟ್ ಅಂತ ಜನ ಈಗಲೂ ಅನ್ನುತ್ತಾರೆ, ಆದರೆ ದುಡಿಯುವ ವಯಸ್ಸಿನ ಹೆಚ್ಚಿನವರಿಗೆ ಬಾಡಿಗೆ ಸಹಾಯ ಈಗ ಯೂನಿವರ್ಸಲ್ ಕ್ರೆಡಿಟ್ ಒಳಗೇ ಬರುತ್ತದೆ. ಕೌನ್ಸಿಲ್ ಟ್ಯಾಕ್ಸ್ ಬೆನಿಫಿಟ್ 2013ರಲ್ಲೇ ನಿಂತಿತು. ಅದರ ಬದಲು ಒಂದೊಂದು ಕೌನ್ಸಿಲ್ ತನ್ನದೇ ನಿಯಮದ ರಿಯಾಯಿತಿ ಯೋಜನೆ ಇಟ್ಟುಕೊಂಡಿದೆ. ಯೂನಿವರ್ಸಲ್ ಕ್ರೆಡಿಟ್ ಸಿಕ್ಕಿತು, ಇನ್ನು ಟ್ಯಾಕ್ಸೂ ತಾನಾಗಿ ಕಮ್ಮಿ ಆಗುತ್ತೆ ಅಂತ ಕೂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸಮನ್ಸ್ ಇದ್ದದ್ದರಿಂದ ಕೌನ್ಸಿಲ್‌ಗೆ ಮೊದಲು ಫೋನ್. ನನ್ನೆದುರೇ ಮಾಡಿದರು, ಮಾತಾಡಿದ್ದು ಅವರೇ. ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದರು. ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ ಬಿಲ್ಲಿನಲ್ಲಿ 25% ಕಡಿತ, 18 ತುಂಬದ ಮಕ್ಕಳು ಲೆಕ್ಕಕ್ಕಿಲ್ಲ. ಇದಕ್ಕೆ ಸಂಬಳ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಇದು ವೀಸಾ ಷರತ್ತು ಹೇಳುವ ಸರ್ಕಾರಿ ಹಣದ ಪಟ್ಟಿಗೂ ಸೇರುವುದಿಲ್ಲ, ಕೆಲಸದ ವೀಸಾದವರೂ ಧೈರ್ಯವಾಗಿ ಕೇಳಬಹುದು. ಗಂಡ ಮನೆ ಬಿಟ್ಟ ದಿನದಿಂದಲೇ ಕೊಡಿ ಅಂತ ಕೇಳಿದರು, ಗಂಡನ ಹೊಸ ವಿಳಾಸ ಕೊಟ್ಟರು. 1,900 ಇದ್ದದ್ದು 1,425ಕ್ಕೆ ಇಳಿಯಿತು. ಹಿಂದಿನ ವರ್ಷದ ಕೊನೆಯ ಎರಡೂವರೆ ತಿಂಗಳದ್ದೂ 90 ಪೌಂಡ್ ಮೇಲೆ ಜಮಾ ಆಯಿತು. ಉಳಿದದ್ದಕ್ಕೆ ಮತ್ತೆ ಕಂತು ಮಾಡಿಕೊಟ್ಟರು. ಸಮನ್ಸ್ ಖರ್ಚು ಮಾತ್ರ ಬಿಡಲಿಲ್ಲ. ನೆನಪೋಲೆ ಬಂದ ವಾರದಲ್ಲೇ ಫೋನ್ ಮಾಡಿದ್ದರೆ ಆ ಖರ್ಚೂ ಬರುತ್ತಿರಲಿಲ್ಲ.

ಅದೇ ಸಂಜೆ ಯೂನಿವರ್ಸಲ್ ಕ್ರೆಡಿಟ್ ಅರ್ಜಿ ಹಾಕಿಸಿದೆ. ನಾಳೆ ಅನ್ನಲಿಲ್ಲ. ಹಿಂದಿನ ತಾರೀಖಿನಿಂದ ಕೊಡುವುದು ಹೆಚ್ಚೆಂದರೆ ಒಂದು ತಿಂಗಳು, ಅದೂ ಕಾಯಿಲೆಯಂಥ ಕೆಲವೇ ಕಾರಣಕ್ಕೆ. ಗೊತ್ತಿರಲಿಲ್ಲ, ನಾಚಿಕೆಯಾಯಿತು ಅಂದರೆ ಸಿಗುವುದಿಲ್ಲ. ಜನವರಿಯಿಂದ ಜೂನ್‌ವರೆಗಿನದು ಹೋದದ್ದು ಹೋಯಿತು.

ಲೆಕ್ಕ ಹೀಗೆ ಬಂತು. ಒಬ್ಬರಿಗೆ 400.14 ಪೌಂಡ್, ಮಗನಿಗೆ 292.81. ಬಾಡಿಗೆ 1,050 ಇದ್ದರೂ ಅವರ ಪ್ರದೇಶದಲ್ಲಿ ಎರಡು ಬೆಡ್‌ರೂಮಿಗೆ ಮಿತಿ 900, ಅಷ್ಟೇ ಲೆಕ್ಕಕ್ಕೆ. ಆಫ್ಟರ್ ಸ್ಕೂಲ್ ಕ್ಲಬ್‌ಗೆ 240 ಕಟ್ಟುತ್ತಿದ್ದರು. ಕ್ಲಬ್ ನೋಂದಾಯಿತ, ಹಾಗಾಗಿ ರಸೀತಿ ಕೊಟ್ಟರೆ 85% ವಾಪಸ್, ಅಂದರೆ 204. ಒಟ್ಟು 1,796.95. ಕೈಗೆ ಬರುವ ಸಂಬಳ 1,350. ಅದರಲ್ಲಿ ಮೊದಲ 411 ಪೌಂಡ್ ಮುಟ್ಟುವುದಿಲ್ಲ, ಉಳಿದ 939ರಲ್ಲಿ ಪೌಂಡಿಗೆ 55 ಪೆನ್ಸ್ ಕಳೆಯುತ್ತಾರೆ, 516.45. ಉಳಿದದ್ದು 1,280.50.

ಅವರು ಫೋನಿನಲ್ಲಿ ಮತ್ತೆ ಕೂಡಿ ಕಳೆದು ನೋಡಿದರು. "ತಿಂಗಳಿಗಾ?"

ತಿಂಗಳಿಗೇ. ಮಗುವಿಗೆ ಅಂತ ಸಿಗುವ ಚೈಲ್ಡ್ ಬೆನಿಫಿಟ್ ವಾರಕ್ಕೆ 26.05 ಬೇರೆ, ಅದನ್ನು ಇದರಲ್ಲಿ ಕಳೆಯುವುದಿಲ್ಲ. ಮುಂದೆ ಗಂಡ ಮಗನ ಖರ್ಚಿಗೆ ಕೊಟ್ಟರೆ ಅದನ್ನೂ ಕಳೆಯುವುದಿಲ್ಲ. ಜಾಸ್ತಿ ಶಿಫ್ಟ್ ಮಾಡಿದ್ರೆ ಎಲ್ಲಾ ಹೋಗ್ಬಿಡುತ್ತಾ ಅಂತ ಕೇಳಿದರು. ಇಲ್ಲ, ಕೈಗೆ ಹೆಚ್ಚು ಬಂದ ಪ್ರತಿ ಪೌಂಡಿನಲ್ಲೂ 45 ಪೆನ್ಸ್ ಅವರಿಗೇ ಉಳಿಯುತ್ತದೆ. ಕೌನ್ಸಿಲ್ ರಿಯಾಯಿತಿ ಸ್ವಲ್ಪ ಇಳಿಯಬಹುದು, ಅಷ್ಟೇ.

ಇನ್ನೇನು ಅರ್ಜಿ ಒತ್ತಬೇಕು ಅನ್ನುವಾಗ ಸೈಟಿನ ವಿಷಯ ಹೊರಬಿತ್ತು. ಅಪ್ಪ ಇವರ ಹೆಸರಿಗೆ ತಾಲ್ಲೂಕು ಕೇಂದ್ರದ ಹೊರಗೆ ಒಂದು ಸೈಟು ಮಾಡಿಟ್ಟಿದ್ದರು. "ಅದು ಅಲ್ಲೀದಲ್ವಾ, ಇವರಿಗೇನು ಗೊತ್ತಾಗುತ್ತೆ ಅಂತ ಫ್ರೆಂಡ್ಸ್ ಅಂದ್ರು." ಈ ಸಲಹೆ ಕೊಡುವ ಸ್ನೇಹಿತರ ಬಗ್ಗೆ ನನಗೆ ತುಂಬ ಸಿಟ್ಟಿದೆ. ಸಿಕ್ಕಿಬಿದ್ದರೆ ಅವರು ಜೊತೆಗಿರುವುದಿಲ್ಲ. ಊರಿನ ಸೈಟು, ಎಫ್‌ಡಿ ಎಲ್ಲವೂ ಆಸ್ತಿಯೇ, ಹೇಳಲೇಬೇಕು. ಒಟ್ಟು 16,000 ಪೌಂಡ್ ದಾಟಿದರೆ ಏನೂ ಸಿಗುವುದಿಲ್ಲ. 6,000ದ ಒಳಗಿದ್ದರೆ ಕಡಿತವಿಲ್ಲ. ನಡುವೆ ಇದ್ದರೆ 6,000ದ ಮೇಲಿನ ಪ್ರತಿ 250 ಪೌಂಡಿಗೆ, ಕೊನೆಯಲ್ಲಿ ಉಳಿದ ಚೂರಿಗೂ, ತಿಂಗಳಿಗೆ 4.35 ಕಡಿತ. ಅವರ ಸೈಟಿಗೆ 10 ಲಕ್ಷ. ಮಾರಾಟದ ಖರ್ಚು ಅಂತ 10% ಬಿಟ್ಟು 9 ಲಕ್ಷ, ಆಗಿನ ದರದಲ್ಲಿ ಸುಮಾರು 7,700 ಪೌಂಡ್. ಕಡಿತ 30.45. ಇಷ್ಟಕ್ಕೆ ಸುಳ್ಳು ಹೇಳಿ ವರ್ಷಗಟ್ಟಲೆ ಹೆದರಿಕೊಂಡಿರಬೇಕಾ? ಕತ್ತಿನ ಸರ, ಬಳೆ ಲೆಕ್ಕಕ್ಕಿಲ್ಲ, ಅವು ಸ್ವಂತ ಬಳಕೆಯ ವಸ್ತು. ಅದು ಕೇಳಿ ಮೊದಲ ಸಲ ನಕ್ಕರು.

ಮೊದಲ ಹಣ ಬರಲು ಐದು ವಾರ. ನಡುವೆ ಬೇಕಾದರೆ ಮುಂಗಡ ಕೊಡುತ್ತಾರೆ, ಬಡ್ಡಿ ಇಲ್ಲ, ಆದರೆ ಅದು ಸಾಲವೇ. ಎಷ್ಟು ಕೊಡುತ್ತಾರೋ ಅಷ್ಟೂ ತಗೋಬೇಡಿ ಅಂದೆ. 600 ತಗೊಂಡರು. 24 ತಿಂಗಳಲ್ಲಿ, ತಿಂಗಳಿಗೆ 25ರಂತೆ ತೀರುತ್ತದೆ.

ಆಗಸ್ಟ್ ಮೊದಲ ವಾರ ಬೆಳಿಗ್ಗೆ ಏಳಕ್ಕೇ ಫೋನ್. ಅಳುತ್ತಿದ್ದರು. ಬಾಡಿಗೆ ಅಂತ ಅರ್ಧ ಮಾತ್ರ ಕೊಟ್ಟಿದ್ದಾರೆ. ಕರಾರು ಪತ್ರದಲ್ಲಿ ಗಂಡನ ಹೆಸರೂ ಇತ್ತಲ್ಲ, ಅವರ ಪಾಲು ಅವರು ಕಟ್ಟುತ್ತಾರೆ ಅಂತ ಲೆಕ್ಕ ಹಾಕಿದ್ದರು. ಇದು ಅಪರೂಪವಲ್ಲ. ಹೋದವರು ಕಟ್ಟುತ್ತಿಲ್ಲ, ಮನೆ ಉಳಿಸಿಕೊಳ್ಳಲು ಇದ್ದವರೇ ಕಟ್ಟಬೇಕಾಗಿದೆ ಅಂತಾದರೆ ಪೂರ್ತಿ ಬಾಡಿಗೆಯನ್ನು ಇವರ ಮೇಲೇ ಪರಿಗಣಿಸಲು ನಿಯಮದಲ್ಲಿ ಅವಕಾಶ ಇದೆ. ತೀರ್ಮಾನ ಬಂದ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಬೇಕು. ಆನ್‌ಲೈನ್ ಖಾತೆಯ ಜರ್ನಲ್‌ನಲ್ಲಿ ಏನು ಬರೆಯಬೇಕು ಅಂತ ಮೊದಲು ಕನ್ನಡದಲ್ಲೇ ಬರೆಸಿದೆ: "ಗಂಡ ಜನವರಿಯಿಂದ ಈ ಮನೆಯಲ್ಲಿಲ್ಲ. ಬಾಡಿಗೆಗೆ ಒಂದು ಪೆನ್ನಿಯೂ ಕೊಟ್ಟಿಲ್ಲ. ಆರು ತಿಂಗಳ ಬ್ಯಾಂಕ್ ಪಟ್ಟಿ ಇದೆ. ನಾನು ಕಟ್ಟದಿದ್ದರೆ ನಾನೂ ಮಗನೂ ಮನೆ ಬಿಡಬೇಕಾಗುತ್ತದೆ." ಅವರು ಬರೆದದ್ದು ಎರಡು ಪುಟ, ಅದರಲ್ಲಿ ಅತ್ತೆಯೂ ಇದ್ದರು. ನಾಲ್ಕು ಸಾಲಿಗೆ ಇಳಿಸಿ ಇಂಗ್ಲಿಷಿಗೆ ತಂದೆವು. ಅತ್ತೆಯ ವಿಷಯ ನನ್ನ ಹತ್ತಿರ ಹೇಳಿ, ಜರ್ನಲ್‌ಗೆ ಬೇಡ ಅಂದೆ. ಮೂರು ವಾರದಲ್ಲಿ ಸರಿಯಾಯಿತು, ಬಾಕಿಯೂ ಬಂತು.

ಕೌನ್ಸಿಲ್ ರಿಯಾಯಿತಿಗೆ ಬೇರೆ ಅರ್ಜಿ ಹಾಕಿದ್ದರು. ಅವರ ಕೌನ್ಸಿಲ್ ಆದಾಯದ ಮಟ್ಟ ನೋಡಿ, 1,425ರ ಲೆಕ್ಕದ ಮೇಲೆ ಮತ್ತೆ 30% ಬಿಟ್ಟಿತು. ಪಕ್ಕದ ಊರಿನ ಕೌನ್ಸಿಲ್ ಆಗಿದ್ದರೆ ಲೆಕ್ಕವೇ ಬೇರೆ ಇರಬಹುದಿತ್ತು. ಬಾಡಿಗೆಯಲ್ಲಿ ಕೈಯಿಂದ ಹೋಗುವ 150 ಪೌಂಡಿಗೆ, ಅದೇ ಕೌನ್ಸಿಲ್‌ನಲ್ಲಿ ಆಗ ವಿವೇಚನೆ ಮೇಲೆ ಕೊಡುತ್ತಿದ್ದ ಬಾಡಿಗೆ ನೆರವಿಗೂ ಬರೆದರು. ಮೂರು ತಿಂಗಳಿಗೆ ಸಿಕ್ಕಿತು, ಅಷ್ಟರೊಳಗೆ ಅಗ್ಗದ ಮನೆ ನೋಡಿ ಎಂಬ ಮಾತಿನ ಜೊತೆ.

ನವೆಂಬರಿನಲ್ಲಿ ಮತ್ತೆ ಫೋನ್ ಮಾಡಿದ್ದರು. ಅಮ್ಮ ಊರಿನಿಂದ ಬರುತ್ತಾರಂತೆ, ವಿಸಿಟರ್ ವೀಸಾದಲ್ಲಿ ಐದು ತಿಂಗಳಿಗೆ. "ಮನೇಲಿ ಇಬ್ಬರು ದೊಡ್ಡೋರಾದ್ರೆ 25% ಹೋಗುತ್ತಾ ಅಕ್ಕಾ? ಬರಬೇಡ ಅಂತ ಹೇಳ್ಲಾ?" ಅಮ್ಮನ ಮುಖ್ಯ ಮನೆ ಮೈಸೂರಿನಲ್ಲೇ ಇದೆ, ಇಲ್ಲಿಗೆ ಬರುವುದು ನೆಂಟರಾಗಿ. ಹಾಗೆ ಬಂದವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಕೌನ್ಸಿಲ್ ಕೇಳಿದರೆ ವೀಸಾ, ವಾಪಸ್ ಟಿಕೆಟ್ ತೋರಿಸಿ, ಮುಚ್ಚಿಡಬೇಡಿ ಅಂದೆ. ಟಿಕೆಟ್ ಆವತ್ತೇ ಮಾಡಿಸಿದರು.